ಆಟವೇ ಪಾಠವಾಗಿರುವ ಸರ್ಕಾರಿ ಪ್ರೀಸ್ಕೂಲ್ ಆರಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ನನ್ನ ದೊಡ್ಡ ಮಗಳಿಗೆ ಪ್ರೀಸ್ಕೂಲ್ ಹುಡುಕುವಾಗ ನಾನು ನೋಡಿದ್ದು ಗೋಡೆಗಳನ್ನು. ಬಣ್ಣಬಣ್ಣದ ಚಿತ್ರ, ಫಳಫಳ ಹೊಳೆಯುವ ಆಟಿಕೆ, ಬಾಗಿಲಲ್ಲೇ 'ಇಲ್ಲಿ ಆಟದ ಮೂಲಕ ಕಲಿಕೆ' ಅಂತ ಬೋರ್ಡು. ಹತ್ತು ನಿಮಿಷದಲ್ಲಿ ಒಪ್ಪಿಕೊಂಡು ಬಂದೆ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಆ ಆಟಿಕೆಗಳೆಲ್ಲ ಮಕ್ಕಳ ಕೈಗೆ ಸಿಗದ ಎತ್ತರದ ಕಪಾಟಿನಲ್ಲೇ ಇರುತ್ತಿದ್ದವು. ಮಕ್ಕಳು ಬೆಳಗಿನ ಹೊತ್ತೆಲ್ಲ ಬೆಂಚಿನ ಮೇಲೆ ಕೂತು ಚುಕ್ಕಿ ಸೇರಿಸಿ ಅಕ್ಷರ ತಿದ್ದುತ್ತಿದ್ದರು. ಮಗಳು ಎದ್ದ ಕೂಡಲೇ ಹೊಟ್ಟೆನೋವು ಅನ್ನುತ್ತಿದ್ದಳು.

ಮಗನ ಸರದಿ ಬಂದಾಗ ಆ ತಪ್ಪು ಮಾಡಲಿಲ್ಲ. ನಾಲ್ಕು ಕಡೆ ಹೋದೆ. ಪ್ರತಿ ಕಡೆ ಒಂದು ಗಂಟೆ ಮೂಲೆಯಲ್ಲಿ ಸುಮ್ನೆ ಕೂತು ನೋಡಿದೆ. ಆಟದಲ್ಲಿ ಮುಳುಗಿರುವ ಮಗುವಿನ ಹತ್ತಿರ ಟೀಚರ್ ಹೇಗೆ ಹೋಗುತ್ತಾರೆ, ಏನು ಮಾತಾಡುತ್ತಾರೆ ಅನ್ನುವುದೇ ಶಾಲೆಯ ಅಸಲಿ ಬಣ್ಣ ಅಂತ ಅಲ್ಲಿ ತಿಳಿಯಿತು. ಈ ಬರಹದ ಹೆಚ್ಚಿನ ಭಾಗ ಆ ಒಂದು ಗಂಟೆಯ ಬಗ್ಗೆಯೇ. ಅದಕ್ಕೆ ಮುಂಚೆ ಸ್ವಲ್ಪ ತಯಾರಿ ಬೇಕು.

ಹಂತ 1: 'ಆಟದ ಮೂಲಕ ಕಲಿಕೆ' ಅಂದರೆ ಏನು ಅಂತ ಮೊದಲು ನೀವು ತಿಳಿದುಕೊಳ್ಳಿ

ಈ ಯೋಚನೆ ಹೊಸದಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಅನ್ನುವ ಸಣ್ಣ ಊರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಕೇಂದ್ರ ತೆರೆದರು. ಉಣ್ಣೆಯ ಚೆಂಡು, ಮರದ ಗೋಲ, ಮರದ ತುಂಡು ಇವೇ ಅಲ್ಲಿನ ಸಾಮಾನು. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಅಂತ ಹೆಸರಿಟ್ಟರು. ಅಂದರೆ ಮಕ್ಕಳ ತೋಟ. ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ನಗರಸಭೆಯೇ 1963ರಲ್ಲಿ ತನ್ನ ಮೊದಲ ಶಿಶುಶಾಲೆ ಶುರು ಮಾಡಿತು. ಲೋರಿಸ್ ಮಲಗುಝ್ಝಿ ಅನ್ನುವ ಶಿಕ್ಷಕರು ಅದಕ್ಕೆ ದಿಕ್ಕು ತೋರಿಸಿದರು. ಇವತ್ತು ಆ ಶಾಲೆಗಳನ್ನು ನೋಡಲು ಬೇರೆ ಬೇರೆ ದೇಶಗಳ ಶಿಕ್ಷಕರು ಹೋಗುತ್ತಾರೆ. ಸರ್ಕಾರಿ ಅಂದರೆ ಕಡಿಮೆ ದರ್ಜೆ ಅಂತ ಮೊದಲೇ ತೀರ್ಮಾನ ಮಾಡುವವರು ಇದನ್ನೊಮ್ಮೆ ನೆನಪಿಟ್ಟುಕೊಂಡರೆ ಒಳ್ಳೆಯದು.

ಆಟ ಅಂದರೆ ಮಕ್ಕಳನ್ನು ಕೋಣೆಗೆ ಬಿಟ್ಟು ಬಾಗಿಲು ಹಾಕುವುದಲ್ಲ. ಒಳ್ಳೆಯ ಪ್ರೀಸ್ಕೂಲಿನಲ್ಲಿ ದಿನಕ್ಕೆ ಎರಡು ಬಗೆಯ ಆಟ ಇರಲೇಬೇಕು. ಒಂದು, ಮಗು ತಾನೇ ಶುರು ಮಾಡಿ ತಾನೇ ನಡೆಸುವ ಆಟ. ದೊಡ್ಡವರು ಹತ್ತಿರ ಇರುತ್ತಾರೆ, ಕೈ ಹಾಕುವುದಿಲ್ಲ. ಇನ್ನೊಂದು, ಟೀಚರ್ ಯೋಚಿಸಿ ಸಾಮಾನು ಇಟ್ಟಿರುತ್ತಾರೆ, ಆದರೆ ಆಟ ಎತ್ತ ಹೋಗಬೇಕು ಅನ್ನುವುದು ಮಗುವಿನ ಕೈಯಲ್ಲೇ ಇರುತ್ತದೆ. ನಾಲ್ಕು ಮಕ್ಕಳು ಅಂಗಡಿ ಆಟ ಆಡುತ್ತಿದ್ದಾರೆ ಅಂದುಕೊಳ್ಳಿ. ಟೀಚರ್ ಗಿರಾಕಿಯ ಹಾಗೆ ಬಂದು, 'ಅಯ್ಯೋ, ಏನೇನು ತರಬೇಕು ಅಂತ ಮರೆತೇಹೋಯ್ತಲ್ಲ, ಒಂದು ಚೀಟಿ ಬರೆದುಕೊಡ್ತೀರಾ?' ಅನ್ನುತ್ತಾರೆ. ಒಬ್ಬಳು ಪೆನ್ಸಿಲ್ ಹಿಡಿದು ಗೀಚುತ್ತಾಳೆ. ಆ ಗೀಚಿನಲ್ಲಿ ಅಕ್ಷರ ಇಲ್ಲ. ಆದರೆ ಬರಹ ಯಾಕೆ ಬೇಕು ಅನ್ನುವುದು ಅವಳಿಗೆ ಗೊತ್ತಾಯಿತು. ಟೀಚರ್ ಆಟ ನಿಲ್ಲಿಸಲಿಲ್ಲ, ಅದರೊಳಗೇ ಹೊಕ್ಕರು.

ಇದರ ಜೊತೆಗೆ ಕಥೆ, ಹಾಡು, ಎಲ್ಲರೂ ಸೇರಿ ಆಡುವ ಟೀಚರ್ ಹೇಳಿಕೊಟ್ಟ ಆಟಗಳೂ ಇರಲಿ. ಅದು ಚೆನ್ನಾಗಿಯೇ ಇರುತ್ತದೆ. ದಿನವೆಲ್ಲ ಅದೇ ಆದರೆ ಮಾತ್ರ, ಬೋರ್ಡಿನಲ್ಲಿ ಏನೇ ಬರೆದಿರಲಿ, ಅದನ್ನು ಆಟದ ಶಾಲೆ ಅನ್ನಲಾಗುವುದಿಲ್ಲ.

ಹಂತ 2: ನಿಮ್ಮ ಮಗು, ನಿಮ್ಮ ಮನೆ, ನಿಮ್ಮ ಸಮಯ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಮಗುವಿನ ಬಗ್ಗೆ ಐದಾರು ಸಾಲು ಬರೆಯಿರಿ. ಹೊಸಬರನ್ನು ಕಂಡರೆ ಹಿಂದೆ ಅವಿತುಕೊಳ್ಳುತ್ತದಾ, ಓಡಿ ಹೋಗಿ ಮಾತಾಡಿಸುತ್ತದಾ? ಜಾಸ್ತಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದಾ? ಮಧ್ಯಾಹ್ನ ನಿದ್ದೆ ಬೇಕೇ ಬೇಕಾ? ಟಾಯ್ಲೆಟ್ ಅಭ್ಯಾಸ ಎಲ್ಲಿಗೆ ಬಂದಿದೆ? ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವ ಭಾಷೆ? ಮಾತು ತಡವಾಗಿದೆ ಅಂತ ನಿಮಗೆ ಅನುಮಾನ ಇದ್ದರೆ ಅದನ್ನೂ ಬರೆಯಿರಿ. ಶಾಲೆಯವರಿಂದ ಮುಚ್ಚಿಡಬೇಕಾದ ವಿಷಯ ಅದಲ್ಲ. ಎಷ್ಟು ಬೇಗ ಹೇಳಿದರೆ ಮಗುವಿಗೆ ಅಷ್ಟು ಬೇಗ ಸಹಾಯ ಸಿಗುತ್ತದೆ.

ಆಮೇಲೆ ಮನೆಯ ಲೆಕ್ಕ. ಯಾರು ಬಿಡುತ್ತಾರೆ, ಯಾರು ಕರೆತರುತ್ತಾರೆ, ಎಷ್ಟು ಹೊತ್ತಿಗೆ? ಅರ್ಧ ದಿನದ ಶಾಲೆಯಾದರೆ ಉಳಿದ ಅರ್ಧ ದಿನ ಮಗು ಎಲ್ಲಿರುತ್ತದೆ? ಸ್ವಲ್ಪ ಚೆನ್ನಾಗಿರುವ ದೂರದ ಶಾಲೆಗಿಂತ ನಡೆದುಹೋಗುವಷ್ಟು ಹತ್ತಿರದ ಸಾಧಾರಣ ಶಾಲೆ ಎಷ್ಟೋ ಮನೆಗಳಿಗೆ ಹೊಂದುತ್ತದೆ ಅನ್ನುವುದು ನನ್ನ ಅನುಭವ. ದಾರಿಯಲ್ಲೇ ದಣಿದ ಮಗು ಆಡುವುದಾದರೂ ಹೇಗೆ?

ಹಂತ 3: ನಿಯಮ ಮತ್ತು ಕೊನೆಯ ದಿನಾಂಕ

ಸರ್ಕಾರಿ ಪ್ರೀಸ್ಕೂಲಿಗೂ ಖಾಸಗಿಗೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಸೀಟು ಯಾರಿಗೆ ಅನ್ನುವುದನ್ನು ನಿಯಮ ತೀರ್ಮಾನ ಮಾಡುತ್ತದೆ. ಇಂಥ ದಿನಾಂಕಕ್ಕೆ ಇಷ್ಟು ವಯಸ್ಸು ತುಂಬಿರಬೇಕು ಅಂತ ಇರುತ್ತದೆ. ಒಂದೇ ಒಂದು ದಿನ ಕಡಿಮೆ ಇದ್ದರೂ ಒಂದು ವರ್ಷ ಕಾಯಬೇಕಾಗಬಹುದು. ಕೆಲವು ಕಡೆ ವಾಸದ ವಿಳಾಸ ನೋಡುತ್ತಾರೆ, ಕೆಲವು ಕಡೆ ಆದಾಯ. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ಕೆಲವರು ಆದ್ಯತೆ ಕೊಡುತ್ತಾರೆ. ಅರ್ಜಿ ಜಾಸ್ತಿ ಬಂದರೆ ಚೀಟಿ ಎತ್ತುವುದೂ ಉಂಟು. ಆದ್ದರಿಂದ ನಿಮ್ಮ ಪ್ರದೇಶದ ಶಿಕ್ಷಣ ಅಥವಾ ಮಕ್ಕಳ ಇಲಾಖೆಯ ಕಚೇರಿಗೆ ಆರೆಂಟು ತಿಂಗಳು ಮುಂಚೆಯೇ ಹೋಗಿ ಬನ್ನಿ. ಅರ್ಜಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ, ಎಷ್ಟು ಶಾಲೆಗಳ ಹೆಸರು ಬರೆಯಬಹುದು ಅಂತ ಕೇಳಿ ಬರೆದುಕೊಳ್ಳಿ.

ಜನನ ಪತ್ರ, ವಿಳಾಸದ ದಾಖಲೆ, ಲಸಿಕೆ ಕಾರ್ಡು ಸಾಮಾನ್ಯವಾಗಿ ಎಲ್ಲ ಕಡೆ ಕೇಳುತ್ತಾರೆ. ಆದಾಯ ನೋಡುವ ಕಡೆ ಅದರ ಪತ್ರವೂ ಬೇಕು. ಎರಡೆರಡು ಜೆರಾಕ್ಸ್ ಮಾಡಿಸಿ ಒಂದು ಫೈಲಿನಲ್ಲಿ ಇಡಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಬರಬೇಡಿ. 'ಉಚಿತ' ಅಂದರೆ ಏನೇನು ಉಚಿತ ಅಂತಲೂ ಕೇಳಿ. ಶಾಲೆಯ ಹೊತ್ತು ಮಾತ್ರವಾ, ಊಟ ಸೇರಿದೆಯಾ, ವಾಹನ ಇದೆಯಾ, ಸಂಜೆ ತನಕ ಇಟ್ಟುಕೊಂಡರೆ ಬೇರೆ ಹಣವಾ?

ಹೆಸರು ಕಾಯುವ ಪಟ್ಟಿಯಲ್ಲಿ ಬಂದರೆ ಕೈಚೆಲ್ಲಬೇಡಿ. ಸೀಟು ಸಿಕ್ಕವರು ಊರು ಬಿಡುತ್ತಾರೆ, ಮನಸ್ಸು ಬದಲಾಯಿಸುತ್ತಾರೆ. ಶಾಲೆ ಶುರುವಾದ ಮೊದಲ ಒಂದೆರಡು ವಾರಗಳಲ್ಲಿ ಒಮ್ಮೆ ಫೋನ್ ಮಾಡಿ ವಿಚಾರಿಸಿ.

ಹಂತ 4: ಹೋಗುವ ಮುಂಚೆ ಒಂದು ಫೋನ್

ಕೇಳುವುದು ಎರಡೇ. 'ತರಗತಿ ನಡೆಯುವಾಗ ಒಂದು ಗಂಟೆ ಕೂತು ನೋಡಬಹುದಾ?' ಮತ್ತು 'ಮಕ್ಕಳು ತಮಗಿಷ್ಟ ಬಂದದ್ದು ಆಡುವ ಹೊತ್ತು ಯಾವಾಗ?' ಮೊದಲನೆಯದಕ್ಕೆ 'ಈ ವಾರ ಬೇಡ, ಮುಂದಿನ ವಾರ ಬನ್ನಿ' ಅಂದರೆ ತಪ್ಪೇನಿಲ್ಲ. ಮಕ್ಕಳ ಸುರಕ್ಷತೆಗಾಗಿ ಗುರುತಿನ ಚೀಟಿ ಕೇಳಿದರೆ ಅದು ಒಳ್ಳೆಯ ಲಕ್ಷಣವೇ. 'ಪೋಷಕರು ಒಳಗೆ ಬರುವಂತೆಯೇ ಇಲ್ಲ' ಅಂದರೆ ಕಾರಣ ಕೇಳಿ. ಕಿಟಕಿಯಿಂದಲಾದರೂ ನೋಡಬಹುದಾ ಅಂತ ಕೇಳಿ. ಅದಕ್ಕೂ ಇಲ್ಲ ಅಂದರೆ ನಾನಾದರೆ ಆ ಶಾಲೆಯನ್ನು ಪಟ್ಟಿಯ ಕೊನೆಗೆ ಹಾಕುತ್ತೇನೆ.

ಎರಡನೆಯ ಪ್ರಶ್ನೆಗೆ 'ಪಾಠ ಮುಗಿದ ಮೇಲೆ, ಟೈಮ್ ಇದ್ದರೆ' ಅಂತ ಉತ್ತರ ಬಂದರೆ ಅಲ್ಲೇ ಅರ್ಧ ವಿಷಯ ತಿಳಿದುಹೋಯಿತು.

ಹಂತ 5: ಆ ಒಂದು ಗಂಟೆ

ಮೊದಲ ಸಲ ಮಗುವನ್ನು ಕರೆದುಕೊಂಡು ಹೋಗಬೇಡಿ. ಮಗು ಜೊತೆಗಿದ್ದರೆ ನಿಮ್ಮ ಕಣ್ಣು ಮಗುವಿನ ಮೇಲೇ ಇರುತ್ತದೆ. ಆಟದ ಹೊತ್ತಿಗೆ ಸರಿಯಾಗಿ ಹೋಗಿ, ಚಿಕ್ಕ ಕುರ್ಚಿ ಸಿಕ್ಕರೆ ಅದರ ಮೇಲೆ, ಇಲ್ಲದಿದ್ದರೆ ನೆಲದ ಮೇಲೆ ಕೂತುಬಿಡಿ. ಮೊದಲ ಹತ್ತು ನಿಮಿಷ ಎಲ್ಲರೂ ನಿಮ್ಮ ಕಡೆ ನೋಡುತ್ತಾರೆ. ಟೀಚರ್ ದನಿಯೂ ಸ್ವಲ್ಪ ಸಿಹಿಯಾಗಿರುತ್ತದೆ. ಅದು ಮುಗಿಯಲಿ. ಇಪ್ಪತ್ತು ನಿಮಿಷ ಆದ ಮೇಲೆ ನಿಮ್ಮನ್ನು ಮರೆಯುತ್ತಾರೆ. ನೋಡಬೇಕಾದ್ದು ಶುರುವಾಗುವುದು ಆಗ.

ಗಡಿಯಾರ ನೋಡಿ. ಆಟ ಶುರುವಾಗಿ ಎಷ್ಟು ಹೊತ್ತು ತಡೆಯಿಲ್ಲದೆ ನಡೆಯಿತು? ಚಿಕ್ಕ ಮಕ್ಕಳಿಗೆ ಏನು ಆಡುವುದು, ಯಾರು ಅಮ್ಮ, ಯಾರು ಡಾಕ್ಟರ್ ಅಂತ ಮಾತಾಡಿಕೊಳ್ಳುವುದಕ್ಕೇ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಅರ್ಧ ಗಂಟೆಗೇ ಗಂಟೆ ಬಾರಿಸಿದರೆ ಆಟ ಮೊಗ್ಗಿನಲ್ಲೇ ಮುರಿಯಿತು. ಒಂದೇ ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಿಕ್ಕರೆ ಮಾತ್ರ ಅದು ಬಲಿಯುತ್ತದೆ.

ಕಪಾಟು ನೋಡಿ. ಮಗು ಯಾರನ್ನೂ ಕೇಳದೆ ತಾನೇ ತೆಗೆದು ತಾನೇ ಇಡುವಂತಿದೆಯಾ? ಮರದ ತುಂಡುಗಳು ಎಷ್ಟಿವೆ? ಹತ್ತು ಹನ್ನೆರಡು ತುಂಡುಗಳಲ್ಲಿ ಇಬ್ಬರು ಜಗಳ ಆಡಬಹುದೇ ಹೊರತು ಊರು ಕಟ್ಟಲಾಗುವುದಿಲ್ಲ. ಆಟಿಕೆ ಹಳೆಯದಾದರೆ ಚಿಂತೆ ಬೇಡ. ಸವೆದ ಆಟಿಕೆ ಅಂದರೆ ಮಕ್ಕಳ ಕೈ ಅದಕ್ಕೆ ತಾಗಿದೆ ಅಂತ ಅರ್ಥ. ನೀರು, ಮಣ್ಣು ಅಥವಾ ಮರಳು, ಬಟ್ಟೆ ತುಂಡು, ಖಾಲಿ ಡಬ್ಬಿಗಳು ಇದ್ದರೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಒತ್ತಿದರೆ ಹಾಡುವ ಪ್ಲಾಸ್ಟಿಕ್ ಆಟಿಕೆಯಲ್ಲಿ ಮಗುವಿಗೆ ಒತ್ತುವುದೊಂದೇ ಕೆಲಸ. ಖಾಲಿ ಡಬ್ಬಿ ಇವತ್ತು ಡೋಲು, ನಾಳೆ ತೊಟ್ಟಿಲು.

ಗೋಡೆಯನ್ನೂ ನೋಡಿ, ಆದರೆ ನಾನು ಮೊದಲ ಸಲ ನೋಡಿದ ಹಾಗಲ್ಲ. ಇಪ್ಪತ್ತು ಮಕ್ಕಳ ಇಪ್ಪತ್ತು ಚಿಟ್ಟೆಗಳು ಒಂದೇ ಅಚ್ಚಿನಲ್ಲಿ ಹೊಯ್ದಂತೆ ಇದ್ದರೆ ಕತ್ತರಿಸಿದವರು ದೊಡ್ಡವರು, ಮಕ್ಕಳು ಬರೀ ಅಂಟಿಸಿದವರು. ಒಂದು ಚಿಟ್ಟೆಗೆ ಐದು ಕಾಲು, ಇನ್ನೊಂದಕ್ಕೆ ಟೋಪಿ, ಮತ್ತೊಂದು ಬರೀ ನೇರಳೆ ಬಣ್ಣದ ಮುದ್ದೆ, ಕೆಳಗೆ ಮಗು ಹೇಳಿದ ಮಾತನ್ನು ಟೀಚರ್ ಬರೆದಿಟ್ಟಿದ್ದಾರೆ ಅಂದರೆ ಅದು ಮಕ್ಕಳ ಗೋಡೆ.

ಇಷ್ಟೂ ಕಣ್ಣಿಗೆ ಕಾಣುವುದು. ಇನ್ನು ಕಿವಿ. ನಾನು ನೋಡಿದ ಎರಡು ಘಟನೆಗಳನ್ನು ಹೇಳುತ್ತೇನೆ.

ಒಂದು ಶಾಲೆಯಲ್ಲಿ ಒಬ್ಬ ಹುಡುಗ, ಮೂರೂವರೆ ವರ್ಷ ಇರಬಹುದು, ನೀರಿನ ತೊಟ್ಟಿಯ ಹತ್ತಿರ ನಿಂತು ದೊಡ್ಡ ಲೋಟದಿಂದ ಚಿಕ್ಕ ಲೋಟಕ್ಕೆ ನೀರು ಸುರಿಯುತ್ತಿದ್ದ. ತುಂಬಿ ಚೆಲ್ಲುತ್ತಿತ್ತು. ಮತ್ತೆ ಸುರಿಯುತ್ತಿದ್ದ, ಮತ್ತೆ ಚೆಲ್ಲುತ್ತಿತ್ತು. ಟೀಚರ್ ಬಂದು, 'ಇದು ಯಾವ ಬಣ್ಣ? ಹೇಳು, ಇದು ಯಾವ ಬಣ್ಣ?' ಅಂತ ಲೋಟ ತೋರಿಸಿ ಕೇಳಿದರು. ಹುಡುಗ 'ಕೆಂಪು' ಅಂದ. 'ಗುಡ್' ಅಂತ ಹೇಳಿ ಮುಂದೆ ಹೋದರು. ಅವನಿಗೆ ಬಣ್ಣ ಆಗಲೇ ಗೊತ್ತಿತ್ತು. ಅವನು ಹುಡುಕುತ್ತಿದ್ದದ್ದು ಬೇರೆ ಏನನ್ನೋ.

ಇನ್ನೊಂದು ಶಾಲೆಯಲ್ಲೂ ಹೆಚ್ಚುಕಡಿಮೆ ಅದೇ ಆಟ. ಆದರೆ ಆ ಟೀಚರ್ ಮಂಡಿಯೂರಿ ಕೂತರು. ಮೊದಲ ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ, 'ಪ್ರತಿ ಸಲವೂ ಹೊರಗೆ ಬಂದುಬಿಡ್ತಿದೆಯಲ್ಲಾ' ಅಂದರು. ಹುಡುಗಿ, 'ಇದು ಕುಡಿಯೋದಿಲ್ಲ' ಅಂದಳು. 'ಓಹೋ, ಕುಡಿಯೋದಿಲ್ವಾ! ಮತ್ತೆ ಯಾವುದು ಕುಡಿಯುತ್ತೆ?' ಹುಡುಗಿ ಸುತ್ತ ನೋಡಿದಳು. ಬಕೆಟ್ ಎಳೆದು ತಂದಳು. ದೊಡ್ಡ ಲೋಟದ ನೀರೆಲ್ಲ ಅದರೊಳಗೆ ಹೋಯಿತು. 'ಇದಕ್ಕೆ ಇನ್ನೂ ಹಸಿವು' ಅಂತ ಕೂಗಿದಳು. ಅಲ್ಲಿಂದ ಬಕೆಟ್ ತುಂಬಲು ಎಷ್ಟು ಲೋಟ ಬೇಕು ಅನ್ನುವ ಎಣಿಕೆ ತಾನಾಗಿ ಶುರುವಾಯಿತು. ಎಂಟಾದ ಮೇಲೆ ಅವಳು ಹನ್ನೊಂದು ಅಂದಳು. ಟೀಚರ್ ತಿದ್ದಲಿಲ್ಲ. ಮುಂದಿನ ಲೋಟಕ್ಕೆ ಅವಳ ಜೊತೆ ಮೊದಲಿನಿಂದ ಎಣಿಸಿದರು. ಮಗನನ್ನು ಅಲ್ಲಿಗೇ ಸೇರಿಸಿದೆ.

ಹಾಗಾಗಿ ಕಿವಿಗೊಟ್ಟು ಕೇಳಬೇಕಾದ್ದು ಇದನ್ನು: ಟೀಚರ್ ಕೇಳುವ ಪ್ರಶ್ನೆಗೆ ಒಂದೇ ಉತ್ತರವಾ, ಅಥವಾ ಮಗು ಯೋಚಿಸಿ ಹೇಳುವಂಥದ್ದಾ? ಮಗು ಮಾತಾಡಿದ ಮೇಲೆ ಮಾತು ಅಲ್ಲೇ ನಿಲ್ಲುತ್ತದಾ, ಎರಡು ಮೂರು ಸಲ ಆಚೆ ಈಚೆ ಹೋಗುತ್ತದಾ? ಟೀಚರ್ ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗುತ್ತಾರಾ, ದೂರದಿಂದಲೇ ಕೂಗಿ ಹೇಳುತ್ತಾರಾ? ಮಕ್ಕಳ ಸದ್ದು ಕೇಳುತ್ತಿದೆಯಾ? ತೀರಾ ನಿಶ್ಶಬ್ದವಾದ ಪ್ರೀಸ್ಕೂಲ್ ಕಂಡರೆ ನನಗೆ ಭಯ. ಗಲಾಟೆ ಬೇರೆ, ಕೆಲಸದ ಗುಜುಗುಜು ಬೇರೆ. ಸ್ವಲ್ಪ ಹೊತ್ತು ಕೂತರೆ ವ್ಯತ್ಯಾಸ ತಿಳಿಯುತ್ತದೆ.

ಜಗಳ ಆಗುವ ತನಕ ಕಾಯಿರಿ. ಒಂದು ಗಂಟೆಯಲ್ಲಿ ಒಂದಾದರೂ ಆಗುತ್ತದೆ. ಇಬ್ಬರಿಗೂ ಒಂದೇ ಬಂಡಿ ಬೇಕು. ಟೀಚರ್ ಬಂಡಿ ಕಿತ್ತುಕೊಂಡು ಮೇಲಿಟ್ಟರಾ? 'ಸಾರಿ ಹೇಳು' ಅಂತ ಗಿಣಿಪಾಠ ಮಾಡಿಸಿದರಾ? ಇಬ್ಬರ ಮಾತನ್ನೂ ಕೇಳಿ, 'ಬಂಡಿ ಒಂದೇ ಇದೆ, ನೀವು ಇಬ್ಬರು. ಈಗ ಏನು ಮಾಡೋಣ?' ಅಂದರಾ? ಅಳುವ ಮಗುವಿನ ಹತ್ತಿರ ಎಷ್ಟು ಬೇಗ ಹೋದರು ಅನ್ನುವುದನ್ನೂ ಗಮನಿಸಿ. ಹೆದರಿಸುವುದು, ಹೊಡೆಯುವುದು, 'ನಾಚಿಕೆ ಆಗಲ್ವಾ' ಅಂತ ಎಲ್ಲರ ಮುಂದೆ ಹೀಯಾಳಿಸುವುದು ಕಂಡರೆ ಎದ್ದು ಬನ್ನಿ. ಬೇರೆ ಎಲ್ಲ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೆ ಮಗುವನ್ನು ಕಳಿಸಬೇಡಿ.

ಯಾರ ಜೊತೆಗೂ ಸೇರದೆ ಪಕ್ಕದಲ್ಲಿ ನಿಂತು ನೋಡುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಮಿಲ್ಡ್ರೆಡ್ ಪಾರ್ಟನ್ ಅನ್ನುವ ಅಮೆರಿಕದ ಸಂಶೋಧಕಿ 1932ರಲ್ಲೇ ಇದನ್ನು ಗುರುತಿಸಿದರು. ಮಕ್ಕಳು ನಿಂತು ನೋಡುತ್ತಾರೆ, ಒಬ್ಬರೇ ಆಡುತ್ತಾರೆ, ಪಕ್ಕಪಕ್ಕ ಕೂತು ತಮ್ಮ ಪಾಡಿಗೆ ಆಡುತ್ತಾರೆ, ಆಮೇಲೆ ಒಬ್ಬರ ಆಟಕ್ಕೆ ಒಬ್ಬರು ಸೇರುತ್ತಾರೆ. ನೋಡುವುದೂ ಆಟದೊಳಗೆ ಇಳಿಯುವ ಒಂದು ಮೆಟ್ಟಿಲು. ಅಂಥ ಮಗುವನ್ನು ಟೀಚರ್ ಎಳೆದು ತಂದು ಕೂರಿಸುತ್ತಾರಾ, ಮರೆತೇಬಿಡುತ್ತಾರಾ, ಅಥವಾ ಹತ್ತಿರ ಕೂತು ಜೊತೆಗೆ ನೋಡುತ್ತಾರಾ? ನಿಮ್ಮದು ನಾಚಿಕೆಯ ಮಗುವಾದರೆ ಇದೊಂದನ್ನೇ ನೋಡಿದರೂ ಸಾಕು.

ಹಂತ 6: ಎಣಿಸಿ, ಹೊರಗೆ ಹೋಗಿ, ಟಾಯ್ಲೆಟ್ ನೋಡಿ

ಮಕ್ಕಳ ತಲೆ ಎಣಿಸಿ, ದೊಡ್ಡವರ ತಲೆ ಎಣಿಸಿ. ಅಮೆರಿಕದಲ್ಲಿ ಸರ್ಕಾರಿ ಪ್ರೀಸ್ಕೂಲ್‌ಗಳ ಗುಣಮಟ್ಟ ಅಳೆಯುವವರು ಒಂದು ತರಗತಿಗೆ ಹೆಚ್ಚೆಂದರೆ 20 ಮಕ್ಕಳು, 10 ಮಕ್ಕಳಿಗೆ ಒಬ್ಬರು ದೊಡ್ಡವರು ಅನ್ನುವ ಅಳತೆ ಇಟ್ಟುಕೊಂಡಿದ್ದಾರೆ. ಎಲ್ಲ ದೇಶದಲ್ಲೂ ಅಷ್ಟು ಸಿಗುವುದಿಲ್ಲ. ಆದರೆ 40 ಮಕ್ಕಳಿಗೆ ಒಬ್ಬರೇ ಇದ್ದರೆ ಎಂಥ ಒಳ್ಳೆಯ ಟೀಚರ್ ಆದರೂ ಮಂಡಿಯೂರಿ ಕೂರಲು ಬಿಡುವೆಲ್ಲಿ? ದಾಖಲೆಯಲ್ಲಿ ಇರುವ ಲೆಕ್ಕ ಕೇಳಿ ಬರಬೇಡಿ, ಕೋಣೆಯಲ್ಲಿ ಇರುವವರನ್ನು ಎಣಿಸಿ.

ಹೊರಗಿನ ಜಾಗ ದಿನಾ ಬಳಕೆಯಲ್ಲಿದೆಯಾ? ನೆಲದಲ್ಲಿ ಪುಟ್ಟ ಹೆಜ್ಜೆ ಗುರುತು, ತೋಡಿದ ಗುಂಡಿ ಕಂಡರೆ ಸಾಕು. ಹತ್ತುವುದಕ್ಕೆ, ಜಾರುವುದಕ್ಕೆ, ಸ್ವಲ್ಪ ಬೀಳುವುದಕ್ಕೂ ಅವಕಾಶ ಇರಬೇಕು. ಗೇಟು ಭದ್ರವಾಗಿರಬೇಕು. ಟಾಯ್ಲೆಟ್ ಮಗುವಿನ ಎತ್ತರಕ್ಕಿದೆಯಾ, ನೀರು ಬರುತ್ತದೆಯಾ, ಬಟ್ಟೆ ಒದ್ದೆಯಾದ ಮಗುವಿನ ಜೊತೆ ಹೇಗೆ ಮಾತಾಡುತ್ತಾರೆ? ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಅನ್ನುವುದನ್ನು ಬರೆದಿಟ್ಟುಕೊಳ್ಳುತ್ತಾರಾ ಅಂತ ಕೇಳಿ ಮುಗಿಸಿ.

ಹಂತ 7: ಟೀಚರ್ ಜೊತೆ ಹತ್ತು ನಿಮಿಷ

ತರಗತಿ ಮುಗಿದ ಮೇಲೆ ಕೇಳಿ, ನಡುವೆ ಬೇಡ. ಪರೀಕ್ಷೆ ಮಾಡುವ ದನಿ ಬೇಡ. ಅವರು ದಿನವೆಲ್ಲ ನಿಂತು ದಣಿದಿರುತ್ತಾರೆ.

ನನಗೆ ತುಂಬ ಉಪಯೋಗಕ್ಕೆ ಬಂದ ಪ್ರಶ್ನೆ: 'ಇವತ್ತು ಆಡುವಾಗ ಯಾವ ಮಗು ನಿಮಗೆ ಆಶ್ಚರ್ಯ ಹುಟ್ಟಿಸಿತು?' ಮಕ್ಕಳನ್ನು ಗಮನಿಸುವ ಟೀಚರ್ ಮುಖ ಅರಳುತ್ತದೆ. 'ಅಯ್ಯೋ, ಆ ಹುಡುಗ ಮೂರು ದಿನದಿಂದ ಸೇತುವೆ ಕಟ್ತಿದಾನೆ, ಇವತ್ತು ನಿಂತಿತು' ಅಂತ ಹೇಳತೊಡಗುತ್ತಾರೆ. ಪಠ್ಯಕ್ರಮದ ಬಗ್ಗೆ ಎಷ್ಟು ಕೇಳಿದರೂ ಇಷ್ಟು ತಿಳಿಯುವುದಿಲ್ಲ. ಮಗು ಏನು ಕಲಿಯುತ್ತಿದೆ ಅಂತ ನಿಮಗೆ ಹೇಗೆ ತಿಳಿಯುತ್ತದೆ ಅಂತಲೂ ಕೇಳಿ. ಫೋಟೋ, ಮಗುವಿನ ಮಾತಿನ ಟಿಪ್ಪಣಿ, ಅದು ಬಿಡಿಸಿದ ಚಿತ್ರಗಳ ಫೈಲು ತೋರಿಸಿದರೆ ಖುಷಿಪಡಿ. ಅಂಕಪಟ್ಟಿ ತೋರಿಸಿದರೆ ಯೋಚಿಸಿ. ನೀವು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಮುಂದಿನ ವರ್ಷವೂ ಇರುತ್ತೀರಾ ಅಂತ ಮೆಲ್ಲಗೆ ವಿಚಾರಿಸಿ. ಟೀಚರ್‌ಗಳು ಪದೇ ಪದೇ ಬದಲಾಗುವ ಕಡೆ ಮಕ್ಕಳು ಪ್ರತಿ ಸಲ ಹೊಸದಾಗಿ ನಂಬಿಕೆ ಕಟ್ಟಬೇಕಾಗುತ್ತದೆ.

ಹಂತ 8: 'ಆಟ ಸರಿ, ಓದು ಬರಹ?'

ಮನೆಯಲ್ಲಿ ಹಿರಿಯರು ಈ ಮಾತು ಎತ್ತೇ ಎತ್ತುತ್ತಾರೆ. ಅದು ಮಗುವಿನ ಮೇಲಿನ ಪ್ರೀತಿಯ ಮಾತು, ಉತ್ತರವನ್ನೂ ಪ್ರೀತಿಯಿಂದಲೇ ಹೇಳಬೇಕು.

ಮರದ ತುಂಡುಗಳನ್ನೇ ತೆಗೆದುಕೊಳ್ಳಿ. ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದ 'ಯೂನಿಟ್ ಬ್ಲಾಕ್'ನಲ್ಲಿ ಉದ್ದ, ಅಗಲ, ದಪ್ಪ 4:2:1 ಲೆಕ್ಕದಲ್ಲಿ ಇರುತ್ತವೆ. ಎರಡು ಚಿಕ್ಕವು ಸೇರಿದರೆ ಒಂದು ದೊಡ್ಡದಕ್ಕೆ ಸರಿಯಾಗಿ ಸಮ. ರಸ್ತೆ ಮಾಡುವ ಮಗುವಿಗೆ ಉದ್ದದ ತುಂಡು ಖಾಲಿಯಾದಾಗ ಎರಡು ಗಿಡ್ಡದ್ದು ಜೋಡಿಸುತ್ತದೆ. ಭಿನ್ನರಾಶಿ ಅನ್ನುವ ಹೆಸರು ಆಮೇಲೆ ಬರಲಿ, ಅದರ ಅನುಭವ ಕೈಗೆ ಆಗಲೇ ಬಂತು. ಪ್ರಾಸದ ಹಾಡು ಕಿವಿಗೆ ಅಕ್ಷರದ ಸದ್ದು ಬಿಡಿಸಿ ಕೊಡುತ್ತದೆ. ಮಣ್ಣು ನಾದುವುದರಿಂದ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ. ಫಿನ್ಲೆಂಡಿನಲ್ಲಿ ಮಗುವಿಗೆ ಏಳು ತುಂಬುವ ವರ್ಷದಲ್ಲಿ ಶಾಲೆ ಶುರು. ಅಲ್ಲಿಯ ತನಕದ ಶಿಕ್ಷಣದಲ್ಲಿ ಆಟಕ್ಕೇ ಮುಖ್ಯ ಜಾಗ.

ಸಂಶೋಧನೆ ಬೇಕು ಅನ್ನುವವರಿಗೆ ಎರಡು ಉದಾಹರಣೆ ಹೇಳಿ. ಎರಡನ್ನೂ ಹೇಳಿ, ಒಂದನ್ನೇ ಹೇಳಿದರೆ ಪ್ರಾಮಾಣಿಕವಾಗುವುದಿಲ್ಲ. ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಪೆರ್ರಿ ಪ್ರೀಸ್ಕೂಲ್ ಯೋಜನೆ ಶುರುವಾಯಿತು. ಬಡ ಮನೆಗಳ 123 ಮಕ್ಕಳಲ್ಲಿ 58 ಮಕ್ಕಳಿಗೆ ಪ್ರೀಸ್ಕೂಲ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಮಕ್ಕಳು ಏನು ಮಾಡಬೇಕು ಅಂತ ತಾವೇ ಯೋಚಿಸಿ, ಮಾಡಿ, ಆಮೇಲೆ ಅದರ ಬಗ್ಗೆ ಮಾತಾಡುವುದು ಅಲ್ಲಿ ಬೆಳೆದುಬಂದ ಪದ್ಧತಿ. ಟೀಚರ್‌ಗಳು ಪ್ರತಿ ವಾರ ಮನೆಗೂ ಹೋಗುತ್ತಿದ್ದರು. ಆ ಮಕ್ಕಳಿಗೆ 40 ವರ್ಷ ಆದಾಗ ನೋಡಿದರೆ, ಪ್ರೀಸ್ಕೂಲಿಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ, ಸಂಪಾದನೆ ಜಾಸ್ತಿ, ಪೊಲೀಸರ ಕೈಗೆ ಸಿಕ್ಕಿದ್ದು ಕಡಿಮೆ.

ಎರಡನೆಯದು ಟೆನ್ನೆಸ್ಸಿ ರಾಜ್ಯದ್ದು. ಅಲ್ಲಿನ ಸರ್ಕಾರಿ ಪ್ರೀಸ್ಕೂಲಿಗೆ ಹೋದ ಮಕ್ಕಳನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ವರ್ಷಾನುಗಟ್ಟಲೆ ಗಮನಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರನೇ ತರಗತಿಗೆ ಬರುವಾಗ ಆ ಮಕ್ಕಳ ಅಂಕ, ಸೀಟು ಸಿಗದ ಮಕ್ಕಳಿಗಿಂತ ಕಡಿಮೆ ಇತ್ತು. ಶಿಸ್ತಿನ ದೂರುಗಳೂ ಜಾಸ್ತಿ ಇದ್ದವು. ಇದನ್ನು ಓದಿ ಪ್ರೀಸ್ಕೂಲೇ ಬೇಡ ಅಂದುಕೊಳ್ಳುವುದು ಅವಸರ. ಆದರೆ 'ಸೀಟು ಸಿಕ್ಕಿತು, ಇನ್ನು ಎಲ್ಲ ಸರಿಹೋಗುತ್ತದೆ' ಅಂದುಕೊಳ್ಳುವುದೂ ತಪ್ಪು. ಒಳಗೆ ದಿನ ಹೇಗೆ ಕಳೆಯುತ್ತದೆ ಅಂತ ಕಣ್ಣಾರೆ ನೋಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಹಂತ 9: ಮಗುವಿನ ಜೊತೆ ಎರಡನೇ ಸಲ

ಪಟ್ಟಿ ಎರಡಕ್ಕೆ ಇಳಿದ ಮೇಲೆ ಮಗುವನ್ನು ಕರೆದುಕೊಂಡು ಹೋಗಿ. 'ಶಾಲೆ ನೋಡೋಣ' ಅನ್ನಿ ಸಾಕು, ಜಾಸ್ತಿ ಹೊಗಳಬೇಡಿ. ಮಗು ನಿಮ್ಮ ಕಾಲು ಹಿಡಿದು ನಿಂತರೆ ಶಾಲೆ ಇಷ್ಟ ಆಗಲಿಲ್ಲ ಅಂತಲ್ಲ. ಮಗುವಿಗಿಂತ ಜಾಸ್ತಿ ಟೀಚರ್ ಕಡೆ ನೋಡಿ. ಮಗುವಿಗೆ ಸಮಯ ಕೊಡುತ್ತಾರಾ? ಹೆಸರು ಕೇಳಿ ಕೈ ಹಿಡಿದು ಎಳೆಯುತ್ತಾರಾ, ಅಥವಾ ಹತ್ತಿರ ಒಂದು ಆಟಿಕೆ ಇಟ್ಟು ತಮ್ಮ ಪಾಡಿಗೆ ಇರುತ್ತಾರಾ?

ಮೊದಲ ದಿನಗಳಲ್ಲಿ ನೀವು ಒಳಗೆ ಕೂರಬಹುದಾ ಅಂತ ಆಗಲೇ ಕೇಳಿಕೊಳ್ಳಿ. ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ ಬೆಳೆಸಲು ಬಿಡುವ ಶಾಲೆ ಸಿಕ್ಕರೆ ಅದು ದೊಡ್ಡ ಪುಣ್ಯ. ಬಿಟ್ಟು ಬರುವಾಗ ಕದ್ದು ಬರಬೇಡಿ. 'ಹೋಗಿ ಬರ್ತೀನಿ, ಕಥೆ ಮುಗಿದ ಮೇಲೆ ಬರ್ತೀನಿ' ಅಂತ ಹೇಳಿ ಹೊರಡಿ, ಹೇಳಿದ ಹೊತ್ತಿಗೇ ಬನ್ನಿ.

ಹಂತ 10: ಇರುವುದು ಒಂದೇ ಶಾಲೆಯಾದರೆ

ಎಷ್ಟೋ ಜನರಿಗೆ ಆಯ್ಕೆಯೇ ಇರುವುದಿಲ್ಲ. ಹತ್ತಿರ ಇರುವುದು ಒಂದೇ ಶಾಲೆ, ಅಲ್ಲೂ ಬರೀ ಅಕ್ಷರ ತಿದ್ದಿಸುತ್ತಾರೆ. ಆಗಲೂ ಮಾಡಬಹುದಾದ್ದು ಬೇಕಾದಷ್ಟಿದೆ. ದೂರಿನಿಂದ ಶುರು ಮಾಡಬೇಡಿ. ಖಾಲಿ ಡಬ್ಬಿ, ಬಟ್ಟೆ ತುಂಡು, ರಟ್ಟಿನ ಪೆಟ್ಟಿಗೆ ತಂದುಕೊಡಲಾ ಅಂತ ಕೇಳಿ. ತಿಂಗಳಿಗೊಮ್ಮೆ ಬಂದು ಕಥೆ ಹೇಳಲಾ ಅಂತ ಕೇಳಿ. ಇನ್ನಿಬ್ಬರು ಪೋಷಕರನ್ನು ಜೊತೆ ಸೇರಿಸಿಕೊಳ್ಳಿ. ಸಾರ್ವಜನಿಕ ಶಾಲೆ ನಮ್ಮೆಲ್ಲರದ್ದು, ಪೋಷಕರ ಸಭೆಯಲ್ಲಿ 'ಬೆಳಗಿನ ಅರ್ಧ ಗಂಟೆ ಮಕ್ಕಳ ಇಷ್ಟದ ಆಟಕ್ಕೆ ಬಿಡೋಣ್ವಾ?' ಅಂತ ಕೇಳುವ ಹಕ್ಕು ನಿಮಗಿದೆ. ಎಷ್ಟೋ ಟೀಚರ್‌ಗಳಿಗೂ ಆಡಿಸುವ ಆಸೆ ಇರುತ್ತದೆ. 'ಏನೂ ಬರೆಸಲಿಲ್ಲ ಅಂತ ಪೋಷಕರು ಬೈತಾರೆ' ಅನ್ನುವ ಹೆದರಿಕೆ ಅವರನ್ನು ಹಿಡಿದಿಟ್ಟಿರುತ್ತದೆ. ನೀವು ಒಂದು ಮಾತು ಹೇಳಿದರೆ ಅವರಿಗೆ ಆನೆಬಲ. ಮನೆಗೆ ಬಂದ ಮೇಲೆ ಮಗುವಿನ ಕೈಗೆ ಮತ್ತೆ ವರ್ಕ್‌ಬುಕ್ ಕೊಡದೆ ಆಡಲು ಬಿಡಿ.

ಸೇರಿಸಿದ ಮೇಲೆ ಆರೆಂಟು ವಾರ

ಶುರುವಿನ ಅಳು ಸಹಜ, ಹೆಚ್ಚಿನ ಮಕ್ಕಳಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. 'ಇವತ್ತು ಏನು ಕಲಿತೆ?' ಅಂತ ಕೇಳಿದರೆ 'ಏನೂ ಇಲ್ಲ' ಅನ್ನುವ ಉತ್ತರವೇ ಬರುವುದು. 'ಯಾರ ಪಕ್ಕ ಕೂತಿದ್ದೆ?', 'ಇವತ್ತು ಯಾರು ಅತ್ತರು? ಟೀಚರ್ ಏನು ಮಾಡಿದರು?' ಅಂತ ಕೇಳಿ ನೋಡಿ. ಮಾತು ಬಾರದಿದ್ದರೆ ಮಗು ಮನೆಯಲ್ಲಿ ಗೊಂಬೆಗಳ ಜೊತೆ ಶಾಲೆ ಆಟ ಆಡುವುದನ್ನು ದೂರದಿಂದ ಗಮನಿಸಿ. ಗೊಂಬೆಗೆ ಗದರಿಸಿ ಕೋಲು ತೋರಿಸುತ್ತಿದ್ದರೆ ಮರುದಿನವೇ ಶಾಲೆಗೆ ಹೋಗಿ ಬನ್ನಿ. ಎರಡು ತಿಂಗಳಾದರೂ ನಿದ್ದೆ ಕೆಡುತ್ತಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ನನ್ನ ಮಗಳ ಹಾಗೆ ದಿನಾ ಹೊಟ್ಟೆನೋವು ಅಂದರೆ, ಮೊದಲು ಟೀಚರ್ ಜೊತೆ ಮಾತಾಡಿ, ಡಾಕ್ಟರಿಗೂ ಒಮ್ಮೆ ತೋರಿಸಿ. ಏನೂ ಬದಲಾಗದಿದ್ದರೆ ವರ್ಷದ ನಡುವೆಯಾದರೂ ಶಾಲೆ ಬದಲಿಸಿ. ನಾನು ವರ್ಷ ಮುಗಿಯಲಿ ಅಂತ ಕಾದೆ, ಅದಕ್ಕಾಗಿ ಇವತ್ತಿಗೂ ಮನಸ್ಸು ನೋಯುತ್ತದೆ.

ಮಗ ಸೇರಿ ಆರನೇ ವಾರ. ಒಂದು ಸಂಜೆ ಸ್ನಾನದ ಮನೆಯಿಂದ ಹೊರಗೇ ಬರಲಿಲ್ಲ. ಬಾಗಿಲು ತೆರೆದು ನೋಡಿದರೆ ಎರಡು ಲೋಟ, ಒಂದು ಬಕೆಟ್, ನೆಲವೆಲ್ಲ ನೀರು. 'ಅಮ್ಮಾ, ಇದು ಇನ್ನೂ ಎಷ್ಟು ಕುಡಿಯುತ್ತೆ ಹೇಳು ನೋಡೋಣ' ಅಂದ. ನಾನು ಸೀರೆ ಎತ್ತಿ ಕಟ್ಟಿಕೊಂಡು ಅವನ ಪಕ್ಕ ಕೂತೆ.